ಶನಿವಾರ ತೆಗೆದ ಫೋಟೋ

"ಯಾರೂ ಮುಟ್ಬೇಡಿ. ಮೊದಲು ಪೊಲೀಸ್ ಅಕ್ಕ ನೋಡ್ಲಿ."

ರೌಶನ್ ತನ್ನ ಕಾರಿನ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದಳು. ಪಾವ್ಲೊದಾರ್ ಊರಿನ ಮದುವೆಗಳಲ್ಲಿ ನಾನೂರು ಜನರನ್ನು ಮೈಕ್ ಇಲ್ಲದೆ ಸುಮ್ಮನಾಗಿಸುವ ನಿರೂಪಕಿ ಆಕೆ. ಆ ದನಿಗೆ ಇಬ್ಬರು ಮೆಕ್ಯಾನಿಕ್‌ಗಳು ಗೋಡೆಯ ಕಡೆಗೆ ಸರಿದುಬಿಟ್ಟಿದ್ದರು. ಶೋರೂಮಿನ ಹಿಂದಿನ ಆ ಅಂಗಳದಲ್ಲಿ ಆಗ ಮೈನಸ್ ಮೂವತ್ತೊಂದು ಡಿಗ್ರಿ.

ಅಪಘಾತದ ಪ್ರಕರಣವೊಂದರ ವಿಚಾರಣೆಗೆ ಅಲ್ಲಿಗೆ ಬಂದಿದ್ದ ತನಿಖಾಧಿಕಾರಿ ಕಮ್ಶಾತ್ ಮಂಡಿಯೂರಿ ಬಗ್ಗಿದಳು.

ಬಿಳಿ ಬಣ್ಣದ ಕಾರ್ಲಿಗಾಶ್ ಕಾರು. ಬಲಗಡೆಯ ಹೆಡ್‌ಲೈಟ್ ತನ್ನ ಜಾಗದಲ್ಲಿತ್ತು. ಎಡಗಡೆ ಬರೀ ತೂತು. ವೈರುಗಳ ತುದಿಗೆ ಟೇಪು ಸುತ್ತಿ, ಹಿಮ ನುಗ್ಗದ ಹಾಗೆ ಪ್ಲಾಸ್ಟಿಕ್ ಚೀಲ ತುರುಕಿದ್ದರು.

ಹನ್ನೆರಡು ದಿನದ ಹಿಂದೆ, ಭಾನುವಾರ ಸಂಜೆ, ಎಕಿಬಾಸ್ತೂಜ್ ರಸ್ತೆಯಲ್ಲಿ ಕಾರೊಂದು ಅರವತ್ತೊಂದು ವರ್ಷದ ಬಾತಿಮಾಳಿಗೆ ಗುದ್ದಿ, ಆಕೆಯನ್ನು ಹಿಮದಲ್ಲೇ ಬಿಟ್ಟು ಹೋಗಿತ್ತು. ಶವದ ಪಕ್ಕ ಬಿದ್ದಿದ್ದವು ಕಾರ್ಲಿಗಾಶ್ ಕಾರಿನ ಎಡ ಹೆಡ್‌ಲೈಟಿನ ಚೂರುಗಳು. ಅಲ್ಲಿಗೆ ನಾಲ್ಕು ಕಿಲೋಮೀಟರ್ ಹಿಂದಿನ ಕ್ಯಾಮೆರಾದಲ್ಲಿ ಸಿಕ್ಕಿದ್ದು ದನದ ಡಾಕ್ಟರ್ ತೊಲೆಬಾಯ್‌ನ ಕಾರಿನ ನಂಬರು. ಗಾಜಿನ ಮೇಲೆ ಸಂಜೆಯ ಬಿಸಿಲು ಬಿದ್ದು ಚಾಲಕನ ಮುಖ ಕಾಣುತ್ತಿರಲಿಲ್ಲ.

ಆ ದಿನ ನನ್ನ ಕಾರು ನನ್ನ ಹತ್ತಿರ ಇರಲೇ ಇಲ್ಲ, ರಿಪೇರಿಗೆ ಕೊಟ್ಟು ಇಪ್ಪತ್ಮೂರು ದಿನವಾಗಿತ್ತು, ವಾಪಸ್ ಸಿಕ್ಕಿದ್ದು ಸೋಮವಾರ ಸಂಜೆ ಎಂದು ತೊಲೆಬಾಯ್ ಮೊದಲ ದಿನದಿಂದಲೂ ಹೇಳುತ್ತಿದ್ದ. ‘ಆಲ್ತಿನ್ ತುಯಾಕ್’, ಅಂದರೆ ಚಿನ್ನದ ಗೊರಸು, ಎಂಬ ಈ ಶೋರೂಮಿನ ಕಾಗದ ಬೇರೆ ಹೇಳುತ್ತಿತ್ತು. ಅಪಘಾತದ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಆತ ಕಾರು ಬಿಡಿಸಿಕೊಂಡು ಹೋಗಿದ್ದ. ಕೆಳಗೆ ಅವನದೇ ಸಹಿ. ಆ ಸಹಿಯ ಮೇಲೆ ತೊಲೆಬಾಯ್ ಹತ್ತು ದಿನದಿಂದ ಬಂಧನದಲ್ಲಿದ್ದ.

ಕಮ್ಶಾತ್ ಟಾರ್ಚ್ ಹಾಕಿ, ಉಳಿದಿದ್ದ ಬಲ ಹೆಡ್‌ಲೈಟಿನ ಹಿಂಬದಿಯನ್ನು ನೋಡಿದಳು. ಮೂಲೆಯಲ್ಲಿ ಅವರೆಕಾಳಿನಷ್ಟು ದೊಡ್ಡ ಕೆಂಪು ಚುಕ್ಕೆ ಇತ್ತು.

ಇಂಥದೇ ಚುಕ್ಕೆಯನ್ನು ನಾಲ್ಕು ದಿನದ ಹಿಂದೆ ಪೊಲೀಸ್ ಗ್ಯಾರೇಜಿನಲ್ಲಿ, ತೊಲೆಬಾಯ್‌ನ ಕಾರಿನಲ್ಲಿ ನೋಡಿದ್ದಳು. ಕಾರ್ಖಾನೆಯ ಗುರುತಿರಬೇಕು ಅಂದುಕೊಂಡು ಮುಂದಕ್ಕೆ ಹೋಗಿದ್ದಳು.

"ಈ ಚುಕ್ಕೆ ಏನು?"

"ನನ್ನ ನೇಲ್ ಪಾಲಿಶ್." ರೌಶನ್ ಕೈಗವಸು ಕಿತ್ತು ಉಗುರು ತೋರಿಸಿದಳು. "ಇವ್ರ ಕೈಗೆ ಕಾರು ಕೊಡೋ ಮುಂಚೆ ಬ್ಯಾಟರಿ, ಚಕ್ರ, ದೀಪ, ಕನ್ನಡಿ, ಎಲ್ಲದಕ್ಕೂ ಒಂದೊಂದು ಬೊಟ್ಟು ಇಟ್ಟಿದೀನಿ ಅಕ್ಕ. ಹೋದ ವರ್ಷ ಹೊಸ ಬ್ಯಾಟರಿ ಹಾಕ್ಸಿ ಸರ್ವಿಸಿಗೆ ಬಿಟ್ಟಿದ್ದೆ. ವಾಪಸ್ ಬಂದಾಗ ಒಳಗೆ ಯಾರದೋ ಹಳೇದು ಕೂತಿತ್ತು."

ಕಮ್ಶಾತ್ ಎದ್ದು ನಿಂತು ಪೊಲೀಸ್ ಗ್ಯಾರೇಜಿನ ಕಾವಲಿನವನಿಗೆ ಫೋನ್ ಮಾಡಿದಳು. ತೊಲೆಬಾಯ್‌ನ ಕಾರಿನ ಬಾನೆಟ್ ಎತ್ತಿ, ಎಡ ಹೆಡ್‌ಲೈಟಿನ ಹಿಂದಿನ ಮೂಲೆಯ ಚಿತ್ರ ತೆಗೆದು ಕಳಿಸಲು ಹೇಳಿದಳು. ಕೈ ಮರಗಟ್ಟುವಷ್ಟು ಹೊತ್ತು ಇಬ್ಬರೂ ಹೆಂಗಸರು ಅಲ್ಲೇ ನಿಂತಿದ್ದರು. ಚಿತ್ರ ಬಂತು. ಕೆಂಪು ಚುಕ್ಕೆ ಎದ್ದು ಕಾಣುತ್ತಿತ್ತು.

ರೌಶನ್ ಅದನ್ನು ನೋಡಿ, ಬೆರಳಿನಿಂದ ದೊಡ್ಡದು ಮಾಡಿ, ಮತ್ತೆ ನೋಡಿದಳು. "ನಂದೇ," ಎಂದಳು ಮೆಲ್ಲಗೆ.

ನಿಮ್ಮ ಕಾರಿನಲ್ಲಿ ಈ ದೀಪ ಕಡೆಯ ಸಲ ನೋಡಿದ್ದು ಯಾವಾಗ ಎಂದು ಕಮ್ಶಾತ್ ಕೇಳಿದಳು. ಅದಕ್ಕೆ ಉತ್ತರ ರೌಶನ್‌ಳ ಫೋನಿನಲ್ಲೇ ಇತ್ತು. ಗೇರ್‌ಬಾಕ್ಸಿನ ಒಂದು ಬಿಡಿಭಾಗಕ್ಕಾಗಿ ಅವಳ ಕಾರು ಅಕ್ಟೋಬರಿನಿಂದ ಇಲ್ಲೇ ಬಿದ್ದಿತ್ತು. ಶನಿವಾರ ಶನಿವಾರ ಮದುವೆಗೆ ಹೊರಡುವ ಮುಂಚೆ ಇಲ್ಲಿಗೆ ಬಂದು, ಕಾರಿನ ಸುತ್ತ ನಡೆದು, ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಂಡು ಹೋಗುವುದು ಅವಳ ಪದ್ಧತಿ. ಹೋದ ಶನಿವಾರ ಗಂಟಲು ಕಟ್ಟಿ ಮಲಗಿದ್ದಳು. ಅದರ ಹಿಂದಿನ ಶನಿವಾರ, ಹನ್ನೊಂದನೇ ತಾರೀಕು, ಬಂದಿದ್ದಳು.

ಹನ್ನೊಂದರ ಫೋಟೋದಲ್ಲಿ ಎರಡೂ ದೀಪ ಇದ್ದವು. ಸಮಯ ಮಧ್ಯಾಹ್ನ ಮೂರು ಹತ್ತು.

ಕಮ್ಶಾತ್ ನೋಡಿದ್ದು ದೀಪಗಳನ್ನಲ್ಲ. ಅವುಗಳ ಹಿಂದೆ, ಗೋಡೆಯ ಪಕ್ಕ, ಇನ್ನೊಂದು ಬಿಳಿ ಕಾರ್ಲಿಗಾಶ್ ನಿಂತಿತ್ತು. ನಂಬರ್ ಪ್ಲೇಟಿನ ಅರ್ಧಕ್ಕೆ ಹಿಮ ಮೆತ್ತಿತ್ತು. ಉಳಿದರ್ಧ ಸಾಕಾಗಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಹೊರಗೆ ಹೋಯಿತು ಎಂದು ಕಾಗದದಲ್ಲಿ ಬರೆದಿದ್ದ ತೊಲೆಬಾಯ್‌ನ ಕಾರು ಮೂರು ಗಂಟೆಗೆ ಈ ಅಂಗಳದಲ್ಲೇ ಇತ್ತು.

*

ಫೋನಿನಲ್ಲಿ ಪ್ರಾಸಿಕ್ಯೂಟರ್ ಮೊದಲು ಗೊಣಗಿದರು. ಫೋಟೋ ಎರಡು ಸಲ ಕಳಿಸಿಕೊಂಡರು. ಶನಿವಾರ ಈ ಕಾರಿನಲ್ಲಿದ್ದ ದೀಪ ಈಗ ತೊಲೆಬಾಯ್‌ನ ಕಾರಿನಲ್ಲಿದೆ, ಅಂದರೆ ಅಪಘಾತವಾದ ಕಾರನ್ನು ಸರಿಪಡಿಸಿದ್ದು ಈ ಶೋರೂಮಿನವರೇ ಎಂದು ಕಮ್ಶಾತ್ ವಿವರಿಸಿದಳು. ಎರಡು ವರ್ಷದಲ್ಲಿ ಒಂದು ಬಲ್ಬನ್ನೂ ಪುಕ್ಕಟೆ ಹಾಕಿಕೊಡದವರು ಯಾರಿಗೂ ಹೇಳದೆ ಹೆಡ್‌ಲೈಟನ್ನೇ ಬದಲಾಯಿಸಿದ್ದು ಯಾಕೆ? ಕೊನೆಗೆ, ಸರಿ, ಊರು ಬಿಟ್ಟು ಹೋಗಬಾರದು ಅಂತ ಬರೆಸಿಕೊಂಡು ತೊಲೆಬಾಯ್‌ನನ್ನು ಬಿಟ್ಟುಬಿಡಿ ಎಂದರು.

ಹತ್ತು ದಿನದಲ್ಲಿ ಮೊದಲ ಬಾರಿಗೆ ಕಮ್ಶಾತ್‌ಗೆ ಹೊಟ್ಟೆ ಹಸಿಯಿತು.

ಗ್ರಾಹಕರು ಕಾಯುವ ಕೋಣೆಯಲ್ಲಿ ರೌಶನ್ ಆಗಲೇ ಚೀಲ ಬಿಚ್ಚಿ, ಕರಿದ ಬೌರ್ಸಾಕ್ ಉಂಡೆಗಳನ್ನು ಮೇಜಿನ ಮೇಲೆ ಸುರಿದು, ಅಲ್ಲಿದ್ದ ಐದಾರು ಜನಕ್ಕೂ ಹಂಚುತ್ತಿದ್ದಳು. ಎಲ್ಲರದೂ ಕಾರ್ಲಿಗಾಶ್ ಕಾರೇ. ಎಲ್ಲರ ದೂರೂ ಹೆಚ್ಚುಕಡಿಮೆ ಒಂದೇ. ಚಳಿ ಮೂವತ್ತು ದಾಟಿದರೆ ಓಡುತ್ತಿರುವ ಇಂಜಿನ್ ದಾರಿಯ ನಡುವೆ ಸತ್ತುಹೋಗುತ್ತದೆ. ಹಗ್ಗ ಕಟ್ಟಿ ಎಳೆದುಕೊಂಡು ಬಂದು ಇಲ್ಲಿನ ಬೆಚ್ಚಗಿನ ಶೆಡ್ಡಿನಲ್ಲಿ ನಿಲ್ಲಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ‘ಪರಿಶೀಲಿಸಲಾಗಿದೆ, ತೊಂದರೆ ಕಂಡುಬಂದಿಲ್ಲ’ ಎಂಬ ಮೊಹರು ಬೀಳುತ್ತದೆ.

"ಕಾರ್ಲಿಗಾಶ್ ಅಂತ ಅಂಬರಗುಬ್ಬಿ ಹೆಸರು ಇಟ್ಟಾಗಲೇ ನಮಗೆ ಗೊತ್ತಾಗ್ಬೇಕಿತ್ತು," ಎಂದಳು ರೌಶನ್. "ಆ ಹಕ್ಕಿ ಚಳಿಗಾಲದಲ್ಲಿ ಈ ದೇಶದಲ್ಲೇ ಇರಲ್ಲ."

ಜನ ನಕ್ಕರು. ಕಮ್ಶಾತ್ ಕೂಡ ನಕ್ಕು, ಹೀಟರಿನ ಪಕ್ಕದಲ್ಲಿದ್ದ ಖಾಲಿ ಕುರ್ಚಿಯಲ್ಲಿ ಕೂರಲು ಹೋದಳು.

ರೌಶನ್ ಅವಳ ತೋಳು ಹಿಡಿದಳು.

"ಅಲ್ಲಿ ಯಾರೂ ಕೂರಲ್ಲ ಅಕ್ಕ," ಎಂದಳು ರೌಶನ್, ಈ ಸಲ ಸಣ್ಣ ದನಿಯಲ್ಲಿ. "ಅದು ಕ್ರೇನ್ ಅಕ್ಕನ ಜಾಗ."

"ಯಾರು ಕ್ರೇನ್ ಅಕ್ಕ?"

"ಅದೇ, ಕಲ್ಲಿದ್ದಲು ಗಣೀಲಿ ಮೂವತ್ತು ವರ್ಷ ಕ್ರೇನ್ ಓಡ್ಸಿದ್ರಲ್ಲ. ಆ ರಸ್ತೇಲಿ ಸತ್ತು ಸಿಕ್ಕಿದ್ರಲ್ಲ. ನೀವು ತನಿಖೆ ಮಾಡ್ತಿರೋದು ಅವರದೇ ಅಲ್ವಾ?"

ಕಮ್ಶಾತ್ ಕೂರಲಿಲ್ಲ.

ಬಾತಿಮಾ ಇಲ್ಲಿಗೆ ಬರುತ್ತಿದ್ದಳೇ ಎಂದು ಕೇಳಿದಾಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬರುತ್ತಿದ್ದಳು, ದಿನಾ ಬರುತ್ತಿದ್ದಳು. ಅವಳ ಕಾರ್ಲಿಗಾಶ್ ಐವತ್ತು ದಿನದಿಂದ ಒಳಗೆ ಬಿಚ್ಚಿ ಬಿದ್ದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಫ್ಲಾಸ್ಕಿನಲ್ಲಿ ಹಾಲು ಹಾಕಿದ ಚಹಾ ತಂದು, ಆ ಕುರ್ಚಿಯಲ್ಲಿ ಕೂತು, ಕಾಲುಚೀಲ ಹೆಣೆಯುತ್ತ, ಮ್ಯಾನೇಜರ್ ಮರ್ಲೆನ್ ಎದುರಿಗೆ ಹಾದುಹೋದಾಗಲೆಲ್ಲ ‘ಇವತ್ತಾದ್ರೂ?’ ಎಂದು ಒಂದೇ ಮಾತು ಕೇಳುತ್ತಿದ್ದಳು. ಪೊಲೀಸರಿಗೆ ಗೊತ್ತೇ ಇರುತ್ತದೆ ಎಂದು ಇವರೆಲ್ಲ ಅಂದುಕೊಂಡಿದ್ದರು.

ಕಮ್ಶಾತ್‌ಗೆ ಗೊತ್ತಿರಲಿಲ್ಲ. ಅಕ್ಕನ ಕಾರು ರಿಪೇರಿಗೆ ಹೋಗಿತ್ತು ಎಂದು ಬಾತಿಮಾಳ ತಂಗಿ ಹೇಳಿದ್ದು ಕಡತದಲ್ಲಿತ್ತು. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ. ಬಾತಿಮಾಳ ಫೋನ್ ಸಿಕ್ಕಿರಲಿಲ್ಲ. ಅವಳ ಕರೆಗಳ ಪಟ್ಟಿ ಕಂಪನಿಯಿಂದ ಇನ್ನೂ ಬಂದಿರಲಿಲ್ಲ. ಆದರೆ ಇದೇ ಮರ್ಲೆನ್‌ನನ್ನು ಕಮ್ಶಾತ್ ಎರಡು ಸಲ ವಿಚಾರಿಸಿದ್ದಳು. ಎರಡು ಸಲವೂ ಬಾತಿಮಾಳ ಫೋಟೋ ತೋರಿಸಿದ್ದಳು. ಈ ಮುಖವನ್ನು ಜನ್ಮದಲ್ಲಿ ಕಂಡಿಲ್ಲ ಎಂದು ಆತ ಹೇಳಿದ್ದ.

ಕಮ್ಶಾತ್ ಗಾಜಿನ ಗೋಡೆಯ ಕಡೆಗೆ ತಿರುಗಿದಳು. ಅದರಾಚೆ, ತನ್ನ ಮೇಜಿನ ಹಿಂದೆ, ಮರ್ಲೆನ್ ಇವರನ್ನೇ ನೋಡುತ್ತಿದ್ದ.

*

ಒಳಗೆ ಹೋದ ಕಮ್ಶಾತ್ ಬಾಗಿಲು ಹಾಕಿಕೊಂಡು, ಮೂರು ವಸ್ತುಗಳನ್ನು ಮೇಜಿನ ಮೇಲೆ ಇಟ್ಟಳು. ಶನಿವಾರದ ಫೋಟೋ ಇದ್ದ ಫೋನು, ತೊಲೆಬಾಯ್‌ನ ಸಹಿ ಇದ್ದ ಕಾಗದದ ನಕಲು, ಬಾತಿಮಾಳ ಚಿತ್ರ. ಎದುರಿನ ಕುರ್ಚಿಯಲ್ಲಿ ಕೂತಳು.

ಮರ್ಲೆನ್‌ಗೆ ಐವತ್ತೈದರ ಆಸುಪಾಸು. ಕೆಲಸ ಕಲಿತದ್ದು ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ. ಈಗ ಕಪ್ಪು ಕೋಟಿನ ಮೇಲೆ ಚಿನ್ನದ ಬಣ್ಣದ ಗೊರಸಿನ ಬಿಲ್ಲೆ ಹಾಕಿಕೊಳ್ಳುತ್ತಿದ್ದ. ಮೂರನ್ನೂ ಒಂದೊಂದಾಗಿ ನೋಡಿದ. ಫೋಟೋದಲ್ಲಿರುವ ಸಮಯ ತಪ್ಪಿರಬಹುದು ಎಂದ. ಗುಮಾಸ್ತೆ ಗಂಟೆ ತಪ್ಪು ಬರೆದಿರಬಹುದು ಎಂದ. ದಿನಕ್ಕೆ ನಲವತ್ತು ಜನ ಬರುತ್ತಾರೆ, ಎಲ್ಲರ ಮುಖ ನೆನಪಿರುತ್ತದೆಯೇ ಎಂದ.

"ಐವತ್ತು ದಿನ ಎದುರಿಗೆ ಕೂತಿದ್ದ ಮುಖ ಮರ್ಲೆನ್ ಅಣ್ಣ," ಎಂದಳು ಕಮ್ಶಾತ್. "ಹೊರಗಿರೋ ಆರು ಜನಾನೂ ಒಬ್ಬೊಬ್ಬರಾಗಿ ಒಳಗೆ ಕರೀಲಾ?"

ಅವನು ಗಾಜಿನಾಚೆ ನೋಡಿದ. ಆರೂ ಜನ ಬೌರ್ಸಾಕ್ ತಿನ್ನುವುದು ಬಿಟ್ಟು ಇತ್ತಲೇ ನೋಡುತ್ತಿದ್ದರು.

"ಬೇಡ," ಎಂದ. ಬಿಲ್ಲೆಯನ್ನು ಕಿತ್ತು ಮೇಜಿನ ಮೇಲಿಟ್ಟ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳುತ್ತ ಹೋದ.

ಶನಿವಾರ ಮುಚ್ಚುವ ಹೊತ್ತಿಗೆ ಬಾತಿಮಾ ಎದ್ದು ಹೋಗಲು ಒಪ್ಪಲಿಲ್ಲ. ಮಾರನೇ ದಿನ ಹಳ್ಳಿಯಲ್ಲಿ ಅವಳ ತಂಗಿಯ ಮನೆಯಲ್ಲಿ ಚಳಿಗಾಲದ ಮಾಂಸದೂಟ. ಎಲ್ಲ ನೆಂಟರೂ ಸೇರುತ್ತಿದ್ದರು. ಭಾನುವಾರ ಆ ಕಡೆಗೆ ಬಸ್ಸಿಲ್ಲ. ನನ್ನ ಕಾರು ಕೊಡು, ಇಲ್ಲ ಯಾವುದಾದರೂ ಕಾರು ಕೊಡು, ಎರಡೂ ಆಗದಿದ್ದರೆ ಇಲ್ಲೇ ಮಲಗುತ್ತೇನೆ ಎಂದು ಕೂತುಬಿಟ್ಟಳು. ಮರ್ಲೆನ್ ಶೋರೂಮಿನ ಯಜಮಾನರಿಗೆ ಫೋನ್ ಮಾಡಿದ. ಅಂಗಳದಲ್ಲಿ ಅಷ್ಟು ಕಾರು ನಿಂತಿವೆಯಲ್ಲ, ಒಂದು ಕೊಟ್ಟು ಮುದುಕಿಯ ಬಾಯಿ ಮುಚ್ಚಿಸು, ಸೋಮವಾರ ವಾಪಸ್ ತಗೋ ಎಂದರು ಅವರು. ಆ ದಿನ ಓಡುವ ಸ್ಥಿತಿಯಲ್ಲಿದ್ದದ್ದು ಒಂದೇ ಕಾರು.

"ತೊಲೆಬಾಯ್‌ದು," ಎಂದಳು ಕಮ್ಶಾತ್.

"ಕೀಲಿ ನಾನೇ ಕೊಟ್ಟೆ. ಖುಷೀಲಿ ನನ್ನ ಕೈ ಹಿಡ್ಕೊಂಡು ಕುಲುಕಿದ್ರು. ಐವತ್ತು ದಿನದಲ್ಲಿ ಮೊದಲನೇ ಸಲ ನನಗೆ ಒಳ್ಳೇ ಮಾತು ಆಡಿದ್ರು."

ಕಮ್ಶಾತ್ ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಅಂದರೆ ಕ್ಯಾಮೆರಾದಲ್ಲಿ ಆ ಬಿಸಿಲಿನ ಹಿಂದೆ ಕೂತಿದ್ದವಳು ಬಾತಿಮಾಳೇ. ನಾಲ್ಕು ಕಿಲೋಮೀಟರ್ ಮುಂದೆ ಅದೇ ಕಾರು ಅವಳಿಗೇ ಗುದ್ದಿತ್ತು. ಆ ಎರಡರ ನಡುವೆ ಬೇರೆ ಯಾರೋ ಅದರ ಸ್ಟಿಯರಿಂಗ್ ಹಿಡಿದಿದ್ದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ತಾನು ಬಂದಾಗ ಕಾರು ಗೇಟಿನ ಹೊರಗೆ ನಿಂತಿತ್ತು, ಎಡ ದೀಪ ಒಡೆದಿತ್ತು, ಕೀಲಿ ಸೀಟಿನ ಮೇಲಿತ್ತು ಎಂದ ಮರ್ಲೆನ್. ಹತ್ತು ಗಂಟೆಗೆ ಬಾತಿಮಾ ಸತ್ತ ಸುದ್ದಿ ಬಂತು. ಒಬ್ಬರ ಕಾರನ್ನು ಇನ್ನೊಬ್ಬರಿಗೆ ಕೊಟ್ಟದ್ದು ಹೊರಗೆ ಬಂದರೆ ಶೋರೂಮೇ ಮುಚ್ಚುತ್ತದೆ ಎಂದು ಯಜಮಾನರು ಹೆದರಿದರು. ಬೇರೆ ದೀಪ ಹಾಕಿಸಿ, ತೊಲೆಬಾಯ್‌ಗೆ ಫೋನ್ ಮಾಡಿ ಕರೆಸಿ, ಶನಿವಾರದ ತಾರೀಕು ಹಾಕಿದ ಕಾಗದಕ್ಕೆ ಸಹಿ ಮಾಡಿಸಿಕೊಂಡರು.

"ಆವತ್ತು ಒಂದು ವಿಚಿತ್ರ ಆಯ್ತು," ಎಂದ. "ಆ ಡಾಕ್ಟ್ರು ಸಾಮಾನ್ಯದವರಲ್ಲ. ಕಾರು ತೊಳೆದದ್ದಕ್ಕೆ ಯಾಕೆ ಬಿಲ್ ಹಾಕಿದ್ರಿ ಅಂತ ಗಂಟೆಗಟ್ಲೆ ಜಗಳ ಆಡೋರು. ಪ್ರತಿ ಸಾಲೂ ಬೆರಳಿಟ್ಟು ಓದೋರು. ಆವತ್ತು ನಾಕು ಹಾಳೆಗೂ ಕಣ್ಣು ಹಾಯಿಸ್ದೆ ಸಹಿ ಹಾಕಿ ಹೊರಟುಬಿಟ್ರು."

"ಯಾಕೆ?"

ಮರ್ಲೆನ್ ಡ್ರಾಯರಿನಿಂದ ತನ್ನ ಫೋನು ತೆಗೆದ. ರಜಾ ದಿನ ಶೋರೂಮಿಗೆ ಬರುವ ಕರೆಗಳೆಲ್ಲ ಧ್ವನಿಮುದ್ರಣವಾಗಿ ಅವನ ಫೋನಿಗೆ ಬರುತ್ತಿದ್ದವು. ಭಾನುವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಒಂದು ಬಂದಿತ್ತು. ಅಳಿಸಿಹಾಕು ಎಂದು ಯಜಮಾನರು ಹೇಳಿದ್ದರು. ನಾಳೆ ಎಲ್ಲವನ್ನೂ ನನ್ನ ತಲೆಗೇ ಕಟ್ಟಿದರೆ ಇರಲಿ ಎಂದು ಇವನು ಇಟ್ಟುಕೊಂಡಿದ್ದ.

ಮೊದಲು ಬರೀ ಗಾಳಿ. ಆಮೇಲೆ ಗಟ್ಟಿಯಾದ ಹೆಂಗಸಿನ ದನಿ. ತಾನು ಬಾತಿಮಾ ಎಂದೂ, ನೀವು ಕೊಟ್ಟ ಈ ಕಾರೂ ನಡುದಾರಿಯಲ್ಲಿ ಸತ್ತು ನಿಂತಿದೆ ಎಂದೂ, ಯಾರನ್ನಾದರೂ ಬೇಗ ಕಳಿಸಿ ಎಂದೂ ಆಕೆ ಹೇಳುತ್ತಿದ್ದಳು. ಹೆದರಿದಂತಿರಲಿಲ್ಲ, ಬೇಸತ್ತಂತಿತ್ತು. ಮಾತಿನ ನಡುವೆ ಇನ್ನೊಂದು ಗಾಡಿ ಬಂದು ನಿಂತ ಸದ್ದು. ಬಾಗಿಲು ತೆರೆದ ಸದ್ದು. ಹಿಮದ ಮೇಲೆ ಹೆಜ್ಜೆಗಳು. ಯಾರೋ ಬಂದರು, ಒಳ್ಳೆಯದಾಯಿತು ಎಂದಳು ಬಾತಿಮಾ.

ಆಮೇಲೆ ಗಂಡಸಿನ ದನಿ ಕೇಳಿಸಿತು. ಹತ್ತಿರದಿಂದ, ತಣ್ಣಗೆ.

"ಅಮ್ಮಾ, ಈ ಕಾರು ನಿಮಗೆ ಯಾರು ಕೊಟ್ರು? ಇದು ನಂದು."

ಮರ್ಲೆನ್ ಬೆರಳೊತ್ತಿ ನಿಲ್ಲಿಸಿದ.

ಕಮ್ಶಾತ್‌ಗೆ ಅದು ಯಾರ ದನಿ ಎಂದು ಯಾರೂ ಹೇಳಬೇಕಿರಲಿಲ್ಲ. ಹತ್ತು ದಿನ ಎದುರಿಗೆ ಕೂರಿಸಿಕೊಂಡು ಕೇಳಿದ ದನಿ. ಭಾನುವಾರ ಇಡೀ ದಿನ ಜ್ವರ ಬಂದು ಮನೆಯಲ್ಲೇ ಮಲಗಿದ್ದೆ ಎಂದು ಅದೇ ದನಿ ಹೇಳಿತ್ತು, ಅವನ ಹೆಂಡತಿ ಹೌದು ಎಂದು ತಲೆಯಾಡಿಸಿದ್ದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಾರು ಕೊಟ್ಟಿದ್ದು ನಾವು ಅಂತ ಆಗ್ತಿತ್ತು. ಡಾಕ್ಟ್ರು ಹೇಳಿದ್ರೆ ಅಲ್ಲಿದ್ದದ್ದು ಅವರು ಅಂತ ಆಗ್ತಿತ್ತು. ಅವರು ಬಾಯಿ ಬಿಡಲಿಲ್ಲ, ನಾವೂ ಬಿಡಲಿಲ್ಲ."

ಕಮ್ಶಾತ್ ಬಂಧನ ಕೇಂದ್ರಕ್ಕೆ ಫೋನ್ ಮಾಡಿದಳು. ತೊಲೆಬಾಯ್‌ನನ್ನು ತಡೆದು ನಿಲ್ಲಿಸಿ ಎನ್ನಬೇಕೆಂದಿದ್ದಳು. ಕರ್ತವ್ಯದಲ್ಲಿದ್ದವನು ಖುಷಿಯಿಂದಲೇ ಮಾತಾಡಿದ. ಬಿಟ್ಟು ಮುಕ್ಕಾಲು ಗಂಟೆಯಾಯಿತು ಎಂದ. ಹೆಂಡತಿಯನ್ನು ಮನೆಗೆ ಕಳಿಸಿ, ಅಧಿಕಾರಿ ಅಕ್ಕ ಈಗ ಎಲ್ಲಿದ್ದಾರೆ ಎಂದು ವಿಚಾರಿಸಿದರು, ಆಲ್ತಿನ್ ತುಯಾಕ್‌ನಲ್ಲಿ ಅಂದೆ, ಖುದ್ದಾಗಿ ಕೃತಜ್ಞತೆ ಹೇಳಿ ಬರುತ್ತೇನೆ ಎಂದು ಟ್ಯಾಕ್ಸಿ ಹತ್ತಿದರು ಎಂದ.

ಕಮ್ಶಾತ್ ತಲೆ ಎತ್ತಿದಳು.

ಗಾಜಿನಾಚೆ, ಕಾಯುವ ಕೋಣೆಯ ಬಾಗಿಲಲ್ಲಿ, ತೊಲೆಬಾಯ್ ನಿಂತಿದ್ದ. ಹತ್ತು ದಿನದ ಗಡ್ಡ, ಕೈಯಲ್ಲಿ ತುಪ್ಪಳದ ಟೋಪಿ. ಜೈಲಿನಿಂದ ಬಂದವನೆಂದು ಗೊತ್ತಾಗಿ ಜನ ಎದ್ದು ಅವನ ಕೈ ಕುಲುಕುತ್ತಿದ್ದರು. ರೌಶನ್ ಒಂದು ಬಟ್ಟಲು ಚಹಾ ಮುಂದೆ ಹಿಡಿದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಗಾಜಿನ ಕೋಣೆಯಲ್ಲಿದ್ದ ಇಬ್ಬರನ್ನೂ, ಮೇಜಿನ ಮೇಲಿದ್ದ ಮರ್ಲೆನ್‌ನ ಫೋನನ್ನೂ ನೋಡಿದ. ನೆಟ್ಟಗೆ ನಡೆದು ಬಂದು ಬಾಗಿಲು ತೆರೆದ.

ಕಮ್ಶಾತ್ ಎದ್ದು ನಿಂತಳು. ಅವಳ ಕೈ ತಾನಾಗಿಯೇ ಸೊಂಟದ ಕಡೆಗೆ ಹೋಯಿತು.

ತೊಲೆಬಾಯ್ ಬಾಗಿಲು ಬಿಟ್ಟು ಒಳಗೆ ಬರಲಿಲ್ಲ.

"ಆಯಮ್ಮನ ಫೋನು ಇವನು ಕೇಳಿಸಿದನಾ?" ಎಂದ.

"ಕೇಳಿದೆ. ಭಾನುವಾರ ನೀವು ಮನೇಲಿರಲಿಲ್ಲ ಡಾಕ್ಟ್ರೇ."

"ಇರಲಿಲ್ಲ. ಸುಳ್ಳು ಹೇಳಿದ್ದೆ. ಹೆದರಿದ್ದೆ. ಹಳ್ಳಿಗೆ ದನ ನೋಡೋಕೆ ಬೇರೆಯವರ ಗಾಡೀಲಿ ಹೋಗ್ತಿದ್ದೆ, ದಾರೀಲಿ ನನ್ನ ಕಾರು ನಿಂತಿತ್ತು. ಕಾರು ನಾನೇ ಸ್ಟಾರ್ಟ್ ಮಾಡಿಕೊಟ್ಟೆ ಅಕ್ಕ. ಮುದುಕಮ್ಮನ್ನ ಆ ಚಳೀಲಿ ಇಳಿಸಿ ನನ್ನ ಕಾರು ಕಿತ್ಕೊಂಡು ಹೋಗೋಕೆ ಆಗುತ್ತಾ? ನಾನು ಹೊರಡೋ ಹೊತ್ತಿಗೆ ಇನ್ನೊಂದು ಗಾಡಿ ಬಂತು. ಶೋರೂಮಿಂದ ಬಂದಿದೀವಿ, ಇನ್ಮೇಲೆ ನಾವು ನೋಡ್ಕೋತೀವಿ ಅಂದ್ರು. ಆಗಲೂ ಆಯಮ್ಮ ಶೋರೂಮಿಗೆ ಮಾಡಿದ್ದ ಫೋನ್ ಕಿವಿಗೇ ಹಿಡ್ಕೊಂಡಿದ್ರು."

ಅವನು ಮರ್ಲೆನ್‌ನನ್ನೇ ದಿಟ್ಟಿಸಿದ.

"ಅದನ್ನೂ ಕೇಳಿಸಿದನಾ, ಇಲ್ಲಾ ನನ್ನ ಮಾತಿಗೇ ನಿಲ್ಲಿಸಿದನಾ?"

ಕಮ್ಶಾತ್ ಮೇಜಿನ ಕಡೆಗೆ ತಿರುಗಿದಳು. ಫೋನಿನ ಪರದೆ ಇನ್ನೂ ಬೆಳಗುತ್ತಿತ್ತು. ಇಲ್ಲಿಯವರೆಗೆ ಕೇಳಿದ್ದು ಐವತ್ತೆರಡು ಸೆಕೆಂಡು. ಒಟ್ಟು ಹನ್ನೊಂದು ನಿಮಿಷ.

ಅವಳು ಕೈ ಚಾಚಿದಳು. ಮರ್ಲೆನ್‌ನ ಕೈ ಮೊದಲು ತಲುಪಿತ್ತು.